ಮುತ್ತಜ್ಜನ್ನ ಎಲ್ಲಿ ಮಣ್ಣು ಮಾಡಿದ್ರು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಮ್ದು ಹಾವೇರಿ ಜಿಲ್ಲಾದಾಗ ಒಂದು ಹಳ್ಳಿ, ಲಿಂಗಾಯತರು. ನಮ್ಮ ಮುತ್ತಜ್ಜ ಪ್ಲೇಗ್ ಬಂದ ವರ್ಷ ತೀರ್ಕೊಂಡ್ನಂತ, ನಮ್ಮ ಹೊಲದಾಗ ಮಣ್ಣು ಮಾಡ್ಯಾರಂತ ಅಜ್ಜಿ ಹೇಳ್ತಿದ್ಲು. ಆ ಹೊಲ ಮಾರಿ ಭಾಳ ವರ್ಷ ಆತು, ತೊಗೊಂಡವ್ರು ಇಲ್ಲಿ ಯಾವ ಗದ್ದಗಿನೂ ಇಲ್ರೀ ಅಂತಾರ. ಈಗ ಮನ್ಯಾಗ ಎಲ್ಲಾರೂ ಸೇರಿ ಅಂದಾಜಿನ ಮ್ಯಾಲೆ ಅಲ್ಲೇ ಬದುವಿಗೆ ಒಂದ್ ಕಲ್ಲು ನಿಲ್ಸೋಣು ಅನ್ನಾಕತ್ಯಾರ. ಖರೇ ಜಾಗ ಹುಡುಕೂ ದಾರಿ ಐತೇನ್ರಿ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಕಲ್ಲು ನಿಲ್ಸೋದನ್ನ ಸದ್ಯಕ್ಕೆ ಬಿಡಿ. ಇವತ್ತು ನಿಮಗೆ ಅದು ಅಂದಾಜು ಅಂತ ಗೊತ್ತು, ಇನ್ನು ಮೂವತ್ತು ವರ್ಷಕ್ಕೆ ನಿಮ್ಮ ಮೊಮ್ಮಕ್ಕಳಿಗೆ ಅದೇ ಸತ್ಯ ಆಗಿರತ್ತೆ, ಆಮೇಲೆ ಯಾರೂ ಹುಡುಕೋದೇ ಇಲ್ಲ. ಜೊತೆಗೆ ಅದು ಈಗ ಬೇರೆಯವರ ಹೊಲ, ಸುಮ್ನೆ ತಕರಾರು.

ಜಾಗ ಆಮೇಲೆ, ಮೊದಲು ವರ್ಷ ಹಿಡೀರಿ. "ಪ್ಲೇಗ್ ಬಂದ ವರ್ಷ" ಅಂದ್ರೆ ಒಂದೇ ವರ್ಷ ಅಲ್ವಲ್ಲ. ಮುಂಬೈಗೆ ಬಂದಿದ್ದು 1896ರಲ್ಲಿ, ಅಲ್ಲಿಂದ ಹುಬ್ಬಳ್ಳಿ ಧಾರವಾಡದ ಕಡೆ ಇಳೀತು, 1898ರ ಆಗಸ್ಟಲ್ಲಿ ರೈಲು ಹತ್ತಿ ಬೆಂಗಳೂರಿಗೂ ಬಂತು, ಅದಾದ ಮೇಲೂ ಎಷ್ಟೋ ವರ್ಷ ಬಿಟ್ಟು ಬಿಟ್ಟು ಬರ್ತಾನೇ ಇತ್ತು. ಸಾಲದ್ದಕ್ಕೆ 1918ರ ಇನ್‌ಫ್ಲುಯೆಂಜಾದಲ್ಲಿ ಹೋದವರನ್ನೂ ಮನೆಮಂದಿ ಪ್ಲೇಗ್ ಲೆಕ್ಕಕ್ಕೇ ಸೇರಿಸಿರಬಹುದು. ಅಂದ್ರೆ ನಿಮ್ಮ ಹತ್ರ ಇರೋದು ಇಪ್ಪತ್ತು ವರ್ಷಕ್ಕೂ ದೊಡ್ಡ ಅವಧಿ.

ಅದನ್ನ ಸಣ್ಣದು ಮಾಡೋಕೆ ಹೊಲದ ಕಾಗದಾನೇ ಬೇಕು. ನಿಮ್ಮ ಜಿಲ್ಲೆ ಆಗ ಮುಂಬೈ ಪ್ರೆಸಿಡೆನ್ಸಿ, ಅಲ್ಲಿ 1903ರಲ್ಲೇ ಹಕ್ಕು ದಾಖಲೆಯ ಕಾನೂನು ಬಂತು, ಮಾಲೀಕ ಸತ್ತ ಮೇಲೆ ಹೊಲ ಯಾರ ಹೆಸರಿಗೆ ಹೋಯ್ತು ಅಂತ ಬರೆಯೋ ಪದ್ಧತಿ ಶುರುವಾಯ್ತು. ನಿಮ್ಮ ಕಡೆ ವಾರಸಾ ಅಂತೀರಿ, ನಮ್ಮ ಮೈಸೂರು ಕಡೆ ಪೌತಿ ಖಾತೆ. ಇಂಥವರು ಮೃತರಾಗಿದ್ದಾರೆ, ವಾರಸುದಾರರು ಇಂಥವರು ಅನ್ನೋ ಎಂಟ್ರಿ ಅದು, ಸತ್ತ ತಾರೀಖು ಇಲ್ಲದಿದ್ರೂ ಎಂಟ್ರಿ ಮಾಡಿದ ತಾರೀಖಂತೂ ಇರತ್ತೆ, ಅದಕ್ಕಿಂತ ಸ್ವಲ್ಪ ಹಿಂದೆ ಸಾವು ಅಂತ ಲೆಕ್ಕ. ಕಂಪ್ಯೂಟರ್ ಉತಾರದಲ್ಲಿ (ಪಹಣಿ) ಇದು ಸಿಗಲ್ಲ, ತಾಲೂಕು ಆಫೀಸಿನ ರೆಕಾರ್ಡ್ ರೂಮಲ್ಲಿ ಕೈಬರಹದ ಹಳೇ ಉತಾರ ಮತ್ತೆ ಹಳೇ ಮ್ಯುಟೇಶನ್ ರಿಜಿಸ್ಟರ್ ನಕಲಿಗೆ ಅರ್ಜಿ ಕೊಡಿ. ಹಾವೇರಿ ಜಿಲ್ಲೆ ಆಗಿದ್ದೇ 1997ರಲ್ಲಿ, ಹಾಗಾಗಿ ಅಲ್ಲಿ ಇಲ್ಲ ಅಂದ್ರೆ ಧಾರವಾಡದಲ್ಲೂ ವಿಚಾರಿಸಿ. ಸರ್ವೆ ನಂಬರನ್ನ ಈಗಿನದ್ದೇ ಅಂದ್ಕೋಬೇಡಿ, ಪಾಲಾಗಿ ಪೋಡಿ ಆಗಿ (ಅಳೆದು ತುಂಡು ಮಾಡಿ) ಹಿಸ್ಸಾ ನಂಬರೆಲ್ಲ ಬದಲಾಗಿರತ್ತೆ.

ಇನ್ನೊಂದು ಕಾಗದ ಬಹಳ ಜನ ಮರೀತಾರೆ, ಹೊಲ ಮಾರಿದಾಗಿನ ಖರೀದಿ ಪತ್ರ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಅದರ ನಕಲು ಸಿಗತ್ತೆ, ಆನ್‌ಲೈನ್ ಕಾವೇರಿಯಲ್ಲಿ (ನೋಂದಣಿ ಇಲಾಖೆಯ ವೆಬ್‌ಸೈಟ್) ಅಷ್ಟು ಹಳೇದು ಬರಲ್ಲ, ಕೈಯಲ್ಲೇ ಇಂಡೆಕ್ಸ್ ಹುಡುಕಿಸಬೇಕು, ಫೀ ಕಟ್ಟಿ ಸ್ವಲ್ಪ ತಾಳ್ಮೆ ಇಟ್ಕೊಳ್ಳಿ. ಚಕ್ಕುಬಂದಿ (ಹೊಲದ ನಾಲ್ಕು ದಿಕ್ಕಿನ ಗಡಿ) ಬರೆಯೋ ಕಡೆ ಬಾವಿ, ಮರ, ದಾರಿ ಎಲ್ಲ ಹೇಳಿರ್ತಾರೆ, ಕೆಲವು ಪತ್ರದಲ್ಲಿ ಸಮಾಧಿ ಜಾಗ ಬಿಟ್ಟು ಉಳಿದದ್ದು ಮಾರಿದೀವಿ ಅಂತಲೋ ವರ್ಷಕ್ಕೊಮ್ಮೆ ಪೂಜೆಗೆ ಬಿಡಬೇಕು ಅಂತಲೋ ಒಂದು ಸಾಲು ಇರತ್ತೆ. ಆ ಒಂದು ಸಾಲು ಸಿಕ್ಕಿದ್ರೆ ನಿಮ್ಮ ಕೆಲಸ ಅರ್ಧ ಮುಗೀತು. ಸರ್ವೆ ನಕ್ಷೆಯಿಂದ ಜಾಸ್ತಿ ನಿರೀಕ್ಷೆ ಬೇಡ. ಊರಿನ ಸ್ಮಶಾನ 'ಬ' ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಅಂತ ಲೆಕ್ಕದಲ್ಲಿ ಬರತ್ತೆ, ಆದ್ರೆ ಒಬ್ಬರ ಹೊಲದಲ್ಲಿರೋ ಒಂಟಿ ಸಮಾಧಿಯನ್ನ ಸರ್ವೆಯವರು ಸಾಮಾನ್ಯವಾಗಿ ಬರೆಯೋ ಗೋಜಿಗೆ ಹೋಗಲ್ಲ.

ಈಗ ನನಗಿರೋ ಅನುಮಾನ ಹೇಳ್ತೀನಿ. ಪ್ಲೇಗ್ ಅಂದ್ರೆ ಇಲಿ ಸತ್ತು ಬೀಳೋಕೆ ಶುರುವಾದ ತಕ್ಷಣ ಊರಿಗೆ ಊರೇ ಮನೆ ಬಿಟ್ಟು ಹೊರಗೆ ಗುಡಿಸಲು ಹಾಕ್ಕೊಂಡು ತಿಂಗಳುಗಟ್ಟಲೆ ಇರೋರು. ಸತ್ತವರನ್ನ ಹತ್ರದಲ್ಲೇ, ಎಷ್ಟು ಬೇಗ ಆಗತ್ತೋ ಅಷ್ಟು ಬೇಗ ಮಣ್ಣು ಮಾಡೋರು. ಹಂಗಾಗಿ ಅಜ್ಜಿ "ಹೊಲದಾಗ" ಅಂದಿದ್ದು ನಿಮ್ಮ ಹೊಲಾನೇ ಆಗಿರಬೇಕು ಅಂತಿಲ್ಲ, ಗುಡಿಸಲು ಹಾಕಿದ ಹೊಲವೂ ಇರಬಹುದು. ನಮ್ಮ ಹೊಲ ಅಂತ ಅಜ್ಜಿ ಬಾಯಲ್ಲೇ ಬಂದಿತ್ತಾ ಅಥವಾ ಕೇಳಿದವರು ಸೇರಿಸಿದ್ರಾ, ಅಜ್ಜಿ ಮಾತು ನೇರವಾಗಿ ಕೇಳಿದ ಬೇರೆ ಯಾರಾದ್ರೂ ಇದ್ರೆ ಅವರನ್ನ ಒಮ್ಮೆ ವಿಚಾರಿಸಿ. ಪ್ಲೇಗಿಗೆ ಊರು ಬಿಟ್ಟಾಗ ಎಲ್ಲಿ ಗುಡಿಸಲು ಹಾಕಿದ್ರು ಅನ್ನೋದು ಊರಲ್ಲಿ ಯಾರಿಗಾದ್ರೂ ನೆನಪಿದ್ದೇ ಇರತ್ತೆ, ಅದು ಒಂದು ಮನೆ ಕಥೆ ಅಲ್ಲ, ಇಡೀ ಊರಿನ ಕಥೆ.

ಯಾರನ್ನ ಕೇಳೋದು ಅಂದ್ರೆ, ಮನೇಲಿ ಉಳಿದ ಗಂಡುಮಕ್ಕಳಿಗಿಂತ ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳ ಮನೆಯವರನ್ನ ಕೇಳಿ, ತವರಿನ ಮಾತು ಅವರು ಜೋಪಾನ ಮಾಡಿರ್ತಾರೆ. ಹಿಂದೆ ಅಮವಾಸ್ಯೆಗೆ ಎಡೆ ಎಲ್ಲಿಗೆ ಒಯ್ತಿದ್ರು ಅಂತ ಕೇಳಿ, ಸಮಾಧಿ ಎಲ್ಲಿತ್ತು ಅಂತ ಕೇಳಿದ್ರೆ ಗೊತ್ತಿಲ್ಲ ಅನ್ನೋರು ಇದಕ್ಕೆ ಥಟ್ ಅಂತ ಉತ್ತರ ಕೊಡ್ತಾರೆ. ಮಣ್ಣಿಗೆ ಬಂದ ಅಯ್ಯನವರ ಮನೆತನ, ಕುಣಿ ತೆಗೆದ ಮನೆತನ, ಇಬ್ಬರ ಮನೆಗೂ ಹೋಗಿ ಬನ್ನಿ. ನಿಮ್ಮ ಮನೆಗೆ ಹೆಳವರು ಬರ್ತಾರಾ? ಎತ್ತಿನ ಮೇಲೆ ಬಂದು ವಂಶ ಹೇಳಿ ದವಸ ತಗೊಂಡು ಹೋಗೋರು. ಅವರು ಸಮಾಧಿ ತೋರಿಸಲ್ಲ, ಆದ್ರೆ ಯಾವ ತಲೆಮಾರಿನಲ್ಲಿ ಯಾರು ಯಾವ ಊರಿಂದ ಬಂದು ಎಲ್ಲಿ ನಿಂತ್ರು ಅಂತ ಹೇಳ್ತಾರೆ, ನಿಮ್ಮ ಮುತ್ತಜ್ಜ ಸಾಯೋ ಹೊತ್ತಿಗೆ ಆ ಊರಲ್ಲೇ ಇದ್ನಾ ಅನ್ನೋದು ಅಲ್ಲೇ ತಿಳಿಯತ್ತೆ.

ಕೊನೇದಾಗಿ, ಅಲ್ಲಿ ಜೆಸಿಬಿ ತರೋ ಮಾತು ಯಾರಾದ್ರೂ ಎತ್ತಿದ್ರೆ ಬೇಡ ಅನ್ನಿ. ನಿಮ್ಮಲ್ಲಿ ಕೂರಿಸಿ ಮಣ್ಣು ಮಾಡ್ತಾರೆ, ಕುಣಿ ಆಳ, ಮೇಲಿನ ಕಟ್ಟೆ ಕಿತ್ತು ಉತ್ತಿ ಬಿತ್ತಿದ್ರೂ ನೇಗಿಲು ಅಲ್ಲಿಗೆ ಮುಟ್ಟಿರಲ್ಲ. ಬದುವಿನ ಮೂಲೆಯಲ್ಲಿ ಒಂಟಿ ಬನ್ನಿ, ಪತ್ರಿ, ಬೇವು ಏನಾದ್ರೂ ಇದ್ಯಾ, ಲಿಂಗ ಅಥವಾ ಬಸವ ಕೆತ್ತಿದ ಕಲ್ಲನ್ನ ಯಾರಾದ್ರೂ ಬದುವಿಗೆ ಎಸೆದಿದ್ದಾರಾ, ಅಷ್ಟು ನೋಡಿ ಫೋಟೋ ತಗೊಳ್ಳಿ ಸಾಕು. ಮತ್ತೆ ಈಗಿನ ಮಾಲೀಕರ ಜೊತೆ ಮೊದಲೇ ಕೂತು, ನಮಗೆ ಜಾಗ ಬೇಡ ವರ್ಷಕ್ಕೊಂದು ಪೂಜೆ ಸಾಕು ಅಂತ ಹೇಳಿಬಿಡಿ. ಎಲ್ಲಿ ಹಕ್ಕು ಕೇಳ್ತಾರೋ ಅನ್ನೋ ಭಯಕ್ಕೇ "ಏನೂ ಇಲ್ರೀ" ಅಂದಿರಬಹುದು.

ಪ್ರಶ್ನೆ: ನಮ್ಮ ತಾತನ ತಂದೆ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಇದ್ದು ಮೊದಲನೇ ಮಹಾಯುದ್ಧದಲ್ಲಿ ಈಜಿಪ್ಟ್ ಕಡೆ ತೀರಿಹೋದ್ರು. ಹೈಫಾದಲ್ಲಿ (ಈಗಿನ ಇಸ್ರೇಲ್) ಗೋರಿ ಇದೆ ಅಂತ ಮನೇಲಿ ನಂಬಿಕೆ. ಹಳೇ ಪತ್ರವೊಂದರಲ್ಲಿ ಮಾತ್ರ ಪೋರ್ಟ್ ತೌಫೀಕ್ ಅಂತಿದೆ, ದುಬೈನಲ್ಲಿರೋ ತಮ್ಮ ಸೂಯೆಜ್‌ಗೆ ಹೋಗಿ ಹುಡುಕಿದ, ಅಲ್ಲಿ ಏನೂ ಇಲ್ಲ. ಏನು ಮಾಡೋದು?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ನಿಮ್ಮ ತಮ್ಮ ಹೋಗಿದ್ದು ಸರಿಯಾದ ಜಾಗಕ್ಕೇ, ಆದ್ರೆ ಅಲ್ಲಿದ್ದ ಸ್ಮಾರಕ ಈಗ ಅಲ್ಲಿಲ್ಲ. ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫೀಕ್‌ನಲ್ಲಿ 1926ರಲ್ಲಿ ಭಾರತೀಯ ಸೈನಿಕರ ಸ್ಮಾರಕ ಕಟ್ಟಿದ್ರು, 1967ರ ನಂತರದ ಈಜಿಪ್ಟ್ ಇಸ್ರೇಲ್ ಜಗಳದಲ್ಲಿ ಅದು ಹಾಳಾಗಿ ಕೆಡವಬೇಕಾಯ್ತು. ಅದರ ಬದಲಿಗೆ 1980ರಲ್ಲಿ ಕೈರೋದ ಹೆಲಿಯೋಪೊಲಿಸ್ ವಾರ್ ಸೆಮೆಟರಿ ಒಳಗೆ ಹೊಸ ಸ್ಮಾರಕ ಮಾಡಿದ್ರು, ಹತ್ತಿರ ಹತ್ತಿರ 4,000 ಜನರ ನೆನಪಿಗೆ.

ಆದ್ರೆ ಸ್ಮಾರಕ ಬೇರೆ, ಗೋರಿ ಬೇರೆ. ಸ್ಮಾರಕದಲ್ಲಿ ಹೆಸರಿದೆ ಅಂದ್ರೆ ಸಾಮಾನ್ಯವಾಗಿ ಗುರುತಿಸಿದ ಗೋರಿ ಇಲ್ಲ ಅಂತಲೇ ಅರ್ಥ. ಹೈಫಾ ಗೆದ್ದಿದ್ದು 1918ರ ಸೆಪ್ಟೆಂಬರ್ 23ಕ್ಕೆ, ಆದ್ರೆ ಲ್ಯಾನ್ಸರ್ಸ್ 1914ರಲ್ಲೇ ಹಡಗು ಹತ್ತಿ ಸೂಯೆಜ್ ಕಾಯೋಕೆ ನಿಂತಿದ್ರು, ನಡುವಿನ ನಾಲ್ಕು ವರ್ಷದಲ್ಲಿ ಜ್ವರ ಭೇದಿಯಿಂದ ಹೋದವರೂ ಇದ್ದಾರೆ. ನಮ್ಮಲ್ಲಿ ಲ್ಯಾನ್ಸರ್ಸ್ ಅಂದ ತಕ್ಷಣ ಹೈಫಾ ಅಂತಾರೆ, ಮನೆ ಕಥೆಗಳೂ ಹಂಗೇ ಅಲ್ಲಿಗೆ ಜಾರಿಬಿಡ್ತವೆ. ಪತ್ರವನ್ನೇ ನಂಬಿ.

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ (ಯುದ್ಧದಲ್ಲಿ ಮಡಿದವರ ಗೋರಿ, ಸ್ಮಾರಕ ನೋಡ್ಕೊಳ್ಳೋ ಸಂಸ್ಥೆ) ವೆಬ್‌ಸೈಟಲ್ಲಿ ಫ್ರೀಯಾಗಿ ಹುಡುಕಬಹುದು, 4 ಆಗಸ್ಟ್ 1914ರಿಂದ 31 ಆಗಸ್ಟ್ 1921ರ ತನಕ ತೀರಿಕೊಂಡವರು ಅದರಲ್ಲಿ ಬರ್ತಾರೆ. ಹೆಸರು ಹಾಕಿ ಸಿಗಲಿಲ್ಲ ಅಂತ ಬಿಡಬೇಡಿ, ಇಂಗ್ಲಿಷ್ ಕ್ಲರ್ಕು ಕಿವಿಗೆ ಬಿದ್ದಂಗೆ ಬರ್ಕೊಂಡಿರ್ತಾನೆ, ಹುಸೇನ್ ಅನ್ನೋ ಒಂದು ಹೆಸರಿಗೇ ನಾಲ್ಕು ಸ್ಪೆಲ್ಲಿಂಗ್ ಹಾಕಿ ನೋಡಿ, ಅದೂ ಆಗಲಿಲ್ಲ ಅಂದ್ರೆ ಹೆಸರು ಖಾಲಿ ಬಿಟ್ಟು ರೆಜಿಮೆಂಟ್ ಮಾತ್ರ ಹಾಕಿ ಬಂದ ಪಟ್ಟಿ ಪೂರ್ತಿ ಓದಿ. ಕೆಲವರಿಗೆ ತಂದೆ ಹೆಸರು, ಊರಿನ ಹೆಸರೂ ಇರತ್ತೆ. ಹಿಂದೂ ಸೈನಿಕರನ್ನ ಸುಡೋರು, ಮುಸ್ಲಿಮರನ್ನ ಹೂಳೋರು, ಹಾಗಾಗಿ ನಿಮ್ಮವರು ಮುಸ್ಲಿಮರಾಗಿದ್ರೆ ಗೋರಿ ಇದ್ದಿದ್ದು ನಿಜ ಇರಬಹುದು, ಗುರುತು ಉಳಿದಿದ್ಯಾ ಅನ್ನೋದೇ ಪ್ರಶ್ನೆ. ಆನ್‌ಲೈನ್‌ಗೆ ಮೊದಲು ಬೆಂಗಳೂರಿನ ಜೆ.ಸಿ. ನಗರದ ಲ್ಯಾನ್ಸರ್ಸ್ ಸ್ಮಾರಕಕ್ಕೇ ಹೋಗಿ ಬನ್ನಿ, ಮಡಿದವರ ಹೆಸರು ಕಲ್ಲಿನ ಮೇಲಿದೆ.

ಎಲ್ಲೂ ಸಿಗಲಿಲ್ಲ ಅಂದ್ರೂ ಅವರು ಯುದ್ಧಕ್ಕೇ ಹೋಗಿರ್ಲಿಲ್ಲ ಅಂತ ಅರ್ಥ ಅಲ್ಲ. ಮೊದಲನೇ ಮಹಾಯುದ್ಧದಲ್ಲಿ ಮಡಿದ ಕನಿಷ್ಠ 1,16,000 ಜನರಿಗೆ, ಬಹುಶಃ 3,50,000 ಜನರ ತನಕ, ಹೆಸರಿನ ಸ್ಮರಣೆಯೇ ಆಗಲಿಲ್ಲ ಅಂತ ಅದೇ ಕಮಿಷನ್ನು 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳ್ತು, ಅದರಲ್ಲಿ ಹೆಚ್ಚಿನವರು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ಜನ. ಬಿಟ್ಟುಹೋದ ಹೆಸರು ಸೇರಿಸೋಕೆ ಅರ್ಜಿ ಹಾಕಬಹುದು, ಆ ಹಳೇ ಪತ್ರ ಲ್ಯಾಮಿನೇಟ್ ಮಾಡಿಸಬೇಡಿ, ಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ಮಂಗಳೂರಿನ ಚರ್ಚ್ ಸ್ಮಶಾನದಲ್ಲಿ ಮುತ್ತಜ್ಜಿಯ ಸಮಾಧಿ ಇತ್ತು, ಈಗ ಆ ಜಾಗದಲ್ಲಿ ಬೇರೆ ಹೆಸರಿದೆ. ಯಾರಾದ್ರೂ ತೆಗೆದುಬಿಟ್ರಾ?
– ಓದುಗರು, ಬೆಂಗಳೂರು

ಉತ್ತರ: ಕೋಪ ಮಾಡ್ಕೋಬೇಡಿ, ಜಾಗ ಕಮ್ಮಿ ಇರೋ ಸ್ಮಶಾನಗಳಲ್ಲಿ ಖಾಯಂ ಆಗಿ ಕೊಂಡ ಸಮಾಧಿ ಬಿಟ್ಟು ಉಳಿದದ್ದನ್ನ ಕೆಲವು ವರ್ಷ ಆದ್ಮೇಲೆ ಮತ್ತೆ ಬಳಸೋದು ರೂಢಿ, ಹಳೇ ಮೂಳೆ ಒಂದು ಕಡೆ ಸೇರಿಸಿ ಇಡ್ತಾರೆ. ಕಲ್ಲು ಹೋದ್ರೂ ಚರ್ಚಿನ ಮರಣ ರಿಜಿಸ್ಟರ್ ಇರತ್ತೆ. ಫಾದರ್ ಹತ್ರ ವರ್ಷ ಹೇಳಿ ಅರ್ಜಿ ಕೊಡಿ, ಹಳೇ ಎಂಟ್ರಿ ಲ್ಯಾಟಿನ್‌ನಲ್ಲಿ ಇರಬಹುದು, ಹೆಸರೂ ಲ್ಯಾಟಿನ್ ರೂಪದಲ್ಲೇ, ಜುವಾನಾ ಅನ್ನೋರು ಜೋಹಾನ್ನಾ ಆಗಿರ್ತಾರೆ. ಮದುವೆಗೆ ಮುಂಚಿನ ಮನೆತನದ ಹೆಸರೂ ಬರ್ಕೊಂಡು ಹೋಗಿ, ಒಂದೇ ಹೆಸರಿನವರು ಅದೇ ಪುಟದಲ್ಲಿ ಇಬ್ಬರು ಮೂವರು ಸಿಗ್ತಾರೆ.