ಹೊಸ ಬೋರ್ ಕೊರೆಸುವ ಮೊದಲು ಒಂದು ಡ್ರಮ್ಮು ಇಟ್ಟು ನೋಡಿ

ನಿಮ್ಮ ಪ್ರಶ್ನೆ ಇದು: ಆಂಧ್ರ ಗಡಿಯ ಮಡಕಶಿರಾ ಕಡೆ ನಾಲ್ಕು ಎಕರೆ ಕೆಂಪು ಮಣ್ಣಿನ ಹೊಲ ಇದೆ, ಎರಡು ಬೋರ್‌ಗಳಲ್ಲಿ ಒಂದು ಪೂರ್ತಿ ಬತ್ತಿದೆ, ಇನ್ನೊಂದು ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಸಾಲ ಮಾಡಿ ಸಾವಿರ ಅಡಿ ಕೊರೆಸಿ ಅಡಿಕೆ ಹಾಕಲಾ? ಬೇಡ. ಖಂಡಿತ ಬೇಡ. ನಾನು ಅಲ್ಲೇ ಪಕ್ಕದ ಅಮರಾಪುರ ಮಂಡಲದವನು, ಮನೆಯಲ್ಲಿ ಕನ್ನಡ, ಪಾಸ್‌ಬುಕ್ಕಿನಲ್ಲಿ ತೆಲುಗು. ನೀವು ಈಗ ನಿಂತಿರುವ ಜಾಗದಲ್ಲೇ ನಾನು ಹತ್ತು ವರ್ಷದ ಹಿಂದೆ ನಿಂತಿದ್ದೆ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಾನು ಒಟ್ಟು ಐದು ಬೋರ್ ಕೊರೆಸಿದೆ. ಮೂರರಲ್ಲಿ ಬರೀ ಧೂಳು ಬಂತು. ನಾಲ್ಕನೆಯದರಲ್ಲಿ ಎರಡು ಇಂಚು ನೀರು ಬಂದಾಗ ಊರಿಗೆಲ್ಲ ಸಿಹಿ ಹಂಚಿದೆವು, ಆ ಧೈರ್ಯದಲ್ಲೇ ಒಂದೂವರೆ ಎಕರೆ ಅಡಿಕೆ ಇಟ್ಟೆವು. 2018ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಮಾರನೇ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೊಡೆಸಿದೆ, ಅಮ್ಮನ ಸರ ಅಡವಿಟ್ಟು ಐದನೇ ಬೋರ್ ಕೊರೆಸಿದೆ. ಅದರಲ್ಲಿ ಸ್ವಲ್ಪ ನೀರು ಸಿಕ್ಕಿತು, ಆದರೆ ತೋಟ ಉಳಿಸುವಷ್ಟು ಸಿಗಲಿಲ್ಲ. ಆರು ವರ್ಷ ಸಾಕಿದ ಗಿಡಗಳ ಸುಳಿ ಒಣಗುವುದನ್ನು ದಿನಾ ಬೆಳಗ್ಗೆ ನೋಡುವುದಿದೆಯಲ್ಲ, ಅದು ಯಾರಿಗೂ ಬೇಡ.

ಯಾಕೆ ಹೀಗಾಗುತ್ತದೆ ಅಂದರೆ ನಮ್ಮ ನೆಲದ ಕೆಳಗೆ ಇರುವುದು ಗಟ್ಟಿ ಕಲ್ಲು. ಮೇಲೆ ಸ್ವಲ್ಪ ಆಳದವರೆಗೆ ಪುಡಿಕಲ್ಲಿನ ಪದರ ಇರುತ್ತದೆ, ನೀರು ನಿಜವಾಗಿ ಸೇರಿಕೊಳ್ಳುವುದು ಅಲ್ಲಿ. ಹಳೆ ತೆರೆದ ಬಾವಿಗಳು ಆ ಪದರದ ನೀರಿನಲ್ಲೇ ಬದುಕಿದ್ದವು. ಅದರ ಕೆಳಗೆ ಬರೀ ಬಿರುಕುಗಳು. ಸಾವಿರ ಅಡಿಯಲ್ಲಿ ಬಿರುಕು ಸಿಕ್ಕರೆ ನೀರು ಬರುತ್ತದೆ, ಆದರೆ ಆ ನೀರು ಮತ್ತೆ ತುಂಬುವುದು ಬಹಳ ನಿಧಾನ. ಪಕ್ಕದ ಹೊಲದವರೂ ಅದೇ ಬಿರುಕಿಗೆ ಕೊರೆಸಿದರೆ ಇಬ್ಬರಿಗೂ ಅರ್ಧ. 2004ರಿಂದ ಆಂಧ್ರದಲ್ಲಿ ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಇದೆ, ರೈತರಿಗೆ ಅದು ಬೇಕೇ ಬೇಕು, ನಾನು ಬೇಡ ಅನ್ನಲ್ಲ. ಆದರೆ ಮೋಟಾರು ಎಷ್ಟು ಹೊತ್ತು ಓಡಿತು ಅಂತ ಲೆಕ್ಕ ಇಡುವ ಅಭ್ಯಾಸವೇ ನಮ್ಮಲ್ಲಿ ಬೆಳೆಯಲಿಲ್ಲ.

ಹಾಗಾಗಿ ಮೊದಲು ಲೆಕ್ಕ. ಸ್ವಲ್ಪ ತಾಳ್ಮೆ ಇರಲಿ, ಕೂಡೋದು ಗುಣಿಸೋದು ಅಷ್ಟೇ.

ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಹಳೆ ಅನಂತಪುರ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 550 ಮಿ.ಮೀ. ಕಡಿಮೆ ಹಿಡಿದು 500 ಅಂದುಕೊಂಡರೂ ನಿಮ್ಮ ನಾಲ್ಕು ಎಕರೆ ಮೇಲೆ ವರ್ಷಕ್ಕೆ 80 ಲಕ್ಷ ಲೀಟರ್ ಬೀಳುತ್ತದೆ. ನೀರೇ ಇಲ್ಲ ಅಂತ ಕೊರಗುವ ನಾವು ಈ ಸಂಖ್ಯೆ ಒಮ್ಮೆ ನೋಡಬೇಕು. ಅದರಲ್ಲಿ ಒಂದು ಪಾಲು ಮೂರು ನಾಲ್ಕು ಜೋರು ಮಳೆಯಲ್ಲಿ ಮೇಲ್ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ.

ಈಗ ಅಡಿಕೆ. ಎಕರೆಗೆ ಸುಮಾರು 550 ಗಿಡ. ಡ್ರಿಪ್‌ನಲ್ಲಿ ಕೊಟ್ಟರೂ ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 15–20 ಲೀಟರ್ ಬೇಕು. 20 ಅಂತ ಹಿಡಿದರೆ ಎಕರೆಗೆ ದಿನಕ್ಕೆ 11,000 ಲೀಟರ್, ನಾಲ್ಕು ತಿಂಗಳಿಗೆ 13 ಲಕ್ಷ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಆಗುತ್ತದೆ, ಅಲ್ಲಿಯವರೂ ಬೇಸಿಗೆಯಲ್ಲಿ ಅಡಿಕೆಗೆ ನೀರು ಕಟ್ಟುತ್ತಾರೆ. ನಮ್ಮ ಕಡೆ ರೇಟು ನೋಡಿ ಎಲ್ಲರೂ ಹಾಕಿದರು, ನಾನೂ ಹಾಕಿದೆ, ನೀರು ನೋಡಿ ಹಾಕಲಿಲ್ಲ.

ನಿಮ್ಮ ಎರಡನೇ ಬೋರ್ ಇನ್ನೂ ಓಡುತ್ತದೆ ಅಂದಿದ್ದೀರಲ್ಲ, ಮೇ ತಿಂಗಳಲ್ಲಿ ಅದರ ಬಾಯಿಗೆ 200 ಲೀಟರಿನ ಡ್ರಮ್ಮು ಇಡಿ, ಮೊಬೈಲಿನಲ್ಲಿ ಸಮಯ ನೋಡಿ. ಡ್ರಮ್ಮು ತುಂಬಲು 8 ನಿಮಿಷ ಹಿಡಿದರೆ ಗಂಟೆಗೆ 1,500 ಲೀಟರ್. ಮೂರು ಗಂಟೆ ಓಡಿದ ಮೇಲೆ ನೀರು ಕಡಿದು ಗಾಳಿ ಬಂದರೆ ದಿನಕ್ಕೆ 4,500. ಅಷ್ಟರಲ್ಲಿ ಬದುಕುವುದು 225 ಅಡಿಕೆ ಗಿಡ, ಅರ್ಧ ಎಕರೆಯೂ ಇಲ್ಲ. ಬೋರ್ ಕೊರೆಸಿದ ದಿನ ಬರುವ ನೀರನ್ನು ಅಳೆಯಬೇಡಿ, ಅದು ಎಲ್ಲರನ್ನೂ ಮೋಸ ಮಾಡುತ್ತದೆ.

ಇದು ನನ್ನ ಹೊಸ ಬುದ್ಧಿಯಲ್ಲ. 2003ರ ನಂತರದ ವರ್ಷಗಳಲ್ಲಿ ಆಗಿನ ಆಂಧ್ರದ ಏಳು ಬರದ ಜಿಲ್ಲೆಗಳಲ್ಲಿ, ಅನಂತಪುರವೂ ಸೇರಿ, ರೈತರೇ ಅಂತರ್ಜಲ ನೋಡಿಕೊಳ್ಳುವ ಒಂದು ಯೋಜನೆ ನಡೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವು ಇತ್ತು. ಮಳೆ ಎಷ್ಟು ಬಂತು, ಬೋರ್‌ನಲ್ಲಿ ನೀರು ಎಷ್ಟು ಅಡಿಯಲ್ಲಿದೆ ಅಂತ ರೈತರೇ ಬರೆದಿಡುತ್ತಿದ್ದರು, ಹಿಂಗಾರಿಗೆ ಮೊದಲು ಕೂತು ಇರುವ ನೀರಿಗೆ ಯಾವ ಬೆಳೆ ಎಷ್ಟು ಎಕರೆ ಆಗುತ್ತದೆ ಅಂತ ಊರಿನ ಲೆಕ್ಕ ಹಾಕುತ್ತಿದ್ದರು. ಯಾರಿಗೂ ಬಲವಂತ ಇರಲಿಲ್ಲ. ಲೆಕ್ಕ ಕಣ್ಣಿಗೆ ಕಂಡ ಮೇಲೆ ತುಂಬಾ ಕಡೆ ಜನರೇ ಭತ್ತ ಕಡಿಮೆ ಮಾಡಿದರು. ನನಗೆ ಇದು ಯಾವ ಕಾನೂನಿಗಿಂತ ದೊಡ್ಡ ವಿಷಯ ಅನಿಸುತ್ತದೆ.

ಇನ್ನು ಆ ಬೋರ್ ದುಡ್ಡಿನಲ್ಲಿ ಏನು ಮಾಡಬೇಕು? ಮೊದಲು ಬದು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಉಳುಮೆಯನ್ನೂ ಅಡ್ಡಕ್ಕೇ ಮಾಡಿ. ಇಷ್ಟರಲ್ಲೇ ಅರ್ಧ ಕೆಲಸ ಆಯಿತು. ಆಮೇಲೆ ಹೊಲದ ತಗ್ಗಿನಲ್ಲಿ ಕೃಷಿ ಹೊಂಡ. ನನ್ನದು 20 ಮೀಟರ್ ಉದ್ದ, 20 ಅಗಲ, 3 ಆಳ, ಬದಿಗಳು ಇಳಿಜಾರು. ಸುಮಾರು 7 ಲಕ್ಷ ಲೀಟರ್ ಹಿಡಿಯುತ್ತದೆ. ನಮ್ಮ ಮಣ್ಣು ನೀರು ಕುಡಿಯುತ್ತದೆ, ತಳಕ್ಕೂ ಬದಿಗೂ ಪ್ಲಾಸ್ಟಿಕ್ ಶೀಟು ಹಾಕದಿದ್ದರೆ ಕೆಲವೇ ದಿನಗಳಲ್ಲಿ ಖಾಲಿ. ಬೋರ್ ಪಕ್ಕ ಇಂಗಲಿ ಅಂತ ತೋಡಿಸುವುದಾದರೆ ಶೀಟು ಬೇಡ, ಬೆಳೆಗೆ ಅಂತಾದರೆ ಬೇಕು. ಒಂದು ಮಳೆಗೆ ತುಂಬಿಲ್ಲ ಅಂತ ಬೇಸರ ಬೇಡ, ನನ್ನದು ತುಂಬಲು ನಾಲ್ಕೈದು ದೊಡ್ಡ ಮಳೆ ಬೇಕಾಯಿತು. ನೀರನ್ನು ಬೇಸಿಗೆವರೆಗೆ ಕೂಡಿಡುತ್ತೇನೆ ಅಂತಲೂ ಹೋಗಬೇಡಿ. ಬಿಸಿಲಿಗೆ ದಿನಕ್ಕೆ 6 ಮಿ.ಮೀ. ಆರಿದರೂ ಅಷ್ಟು ಅಗಲದ ಹೊಂಡದಿಂದ 2,400 ಲೀಟರ್ ಸುಮ್ನೆ ಹೋಗುತ್ತದೆ. ಹೊಂಡದ ನೀರು ಇರುವುದು ಮಳೆಗಾಲದ ನಡುವೆ ಮಳೆ ನಿಂತಾಗ ಬೆಳೆಯ ಜೀವ ಉಳಿಸಲು.

2023ರ ಆಗಸ್ಟ್ ನೆನಪಿದೆಯಾ? 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ನನ್ನ ಕಡ್ಲೆಕಾಯಿ ಆಗ ಹೂವಿನಲ್ಲಿತ್ತು. ಹೂವಿನ ಬುಡ ಮಣ್ಣಿಗೆ ಇಳಿದು ಕಾಯಿ ಕಟ್ಟುವ ಆ ಹೊತ್ತಿನಲ್ಲಿ ತೇವ ಇಲ್ಲದಿದ್ದರೆ ಗಿಡ ಹಸಿರಾಗಿದ್ದರೂ ಕೀಳುವಾಗ ಕೈಗೆ ಏನೂ ಬರಲ್ಲ. ಹೊಂಡದಿಂದ ಸ್ಪ್ರಿಂಕ್ಲರ್ ಹಾಕಿ ಒಂದೂವರೆ ಎಕರೆಗೆ ಎರಡು ಸಲ, ಸಲಕ್ಕೆ 20 ಮಿ.ಮೀ.ಯಷ್ಟು ನೀರು ಕೊಟ್ಟೆ. ಒಟ್ಟು ಎರಡೂವರೆ ಲಕ್ಷ ಲೀಟರ್ ಒಳಗೇ ಮುಗಿಯಿತು. ಆ ಭಾಗದಲ್ಲಿ ಎಕರೆಗೆ ಐದು ಚೀಲ ಬಂತು, ನೀರು ಕೊಡಲಾಗದ ಭಾಗದಲ್ಲಿ ಎರಡು ಚೀಲವೂ ಆಗಲಿಲ್ಲ. ಅದೇ ನೀರು ಒಂದು ಎಕರೆ ಅಡಿಕೆಗೆ ಇಪ್ಪತ್ತೆರಡು ದಿನ ಸಾಲುತ್ತಿತ್ತು, ಅಷ್ಟೇ.

ಬೆಳೆ ವಿಷಯದಲ್ಲಿ ನಮ್ಮ ಅಜ್ಜಂದಿರ ಅಕ್ಕಡಿ ಸಾಲು ಬಿಟ್ಟದ್ದೇ ನಾವು ಮಾಡಿದ ದೊಡ್ಡ ತಪ್ಪು. ಹೊಲ ಪೂರ್ತಿ ಕಡ್ಲೆಕಾಯಿ ಒಂದನ್ನೇ ಹಾಕಬೇಡಿ. ನಡುವೆ ತೊಗರಿ, ಅಲಸಂದೆ, ಅಂಚಿಗೆ ಹರಳು. ಒಂದು ಎಕರೆ ರಾಗಿ ಇರಲಿ. ಕಡ್ಲೆಕಾಯಿಗೆ ಕದಿರಿ ಸಂಶೋಧನಾ ಕೇಂದ್ರದ ಕದಿರಿ ಲೇಪಾಕ್ಷಿ ತಳಿ ನೋಡಿ, ಬರ ತಡೆಯುತ್ತದೆ. ಮುಂಗಾರಿಗೆ ಮೊದಲೇ ಒಣ ಮಣ್ಣಿಗೆ ನವಧಾನ್ಯ ಹಾಕುವ ಪದ್ಧತಿಯನ್ನು ನಮ್ಮ ರಾಜ್ಯದ ಪ್ರಕೃತಿ ಕೃಷಿಯವರು ಹೇಳಿಕೊಡುತ್ತಾರೆ. ಬೀಜಕ್ಕೆ ಜೇಡಿಮಣ್ಣು, ಬೂದಿ, ಘನಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿ ಒಣಗಿಸಿದ ಗೊಬ್ಬರ) ಸುತ್ತಿ ಬಿತ್ತಿ ಮೇಲೆ ಸೊಪ್ಪು ಸದೆ ಮುಚ್ಚುವುದು. ನಾನು ಅರ್ಧ ಎಕರೆಯಲ್ಲಿ ಶುರು ಮಾಡಿ ಈಗ ಎರಡು ಎಕರೆಗೆ ಮಾಡುತ್ತೇನೆ. ಮಣ್ಣು ಬರಿಮೈ ಇರದಿದ್ದರೆ ಮೊದಲ ಮಳೆ ಅಲ್ಲೇ ಇಂಗುತ್ತದೆ. ಮರ ಬೇಕು ಅಂದರೆ ಬದುವಿಗೆ ಹುಣಸೆ ಇಡಿ. ಬೇರು ಹಿಡಿದ ಮೇಲೆ ನೀರು ಕೇಳಲ್ಲ, ಹಿಂದೂಪುರದ ಹುಣಸೆ ಮಾರುಕಟ್ಟೆ ಹತ್ತಿರದಲ್ಲೇ ಇದೆ.

ಬತ್ತಿದ ಬೋರ್ ಬಾಯಿಗೆ ಇವತ್ತೇ ಮುಚ್ಚಳ ಹಾಕಿ, ಮಕ್ಕಳು ಓಡಾಡುವ ಜಾಗ. ಇನ್ನೊಂದರ ಸುತ್ತ ಹತ್ತಡಿ ಗುಂಡಿ ತೋಡಿ, ಕೇಸಿಂಗ್ ಪೈಪಿಗೆ ತೂತು ಮಾಡಿ ಬಲೆ ಸುತ್ತಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿಸಿ ಮಳೆ ನೀರು ಇಂಗಿಸಬಹುದು. ಕೊಟ್ಟಿಗೆ ನೀರು, ಔಷಧಿ ಹೊಡೆದ ಹೊಲದ ನೀರು ಮಾತ್ರ ಅದಕ್ಕೆ ಬಿಡಬೇಡಿ.

ಹಂದ್ರಿ-ನೀವಾ ಕಾಲುವೆ ಬರುತ್ತದಲ್ಲ ಅಂತ ಕೆಲವರು ನಿಮಗೆ ಹೇಳಿರುತ್ತಾರೆ. ಶ್ರೀಶೈಲದ ಹಿನ್ನೀರಿನಿಂದ ಎತ್ತಿ ತರುವ ಕೃಷ್ಣಾ ನೀರು ಅದು, ಪ್ರವಾಹದ ದಿನಗಳ ನೀರನ್ನು ನಂಬಿ ಮಾಡಿದ ಯೋಜನೆ. ಬಂದರೆ ಕೆರೆ ತುಂಬಲಿ, ತುಂಬಾ ಒಳ್ಳೆಯದು. ಅದನ್ನು ನಂಬಿ ಮೂವತ್ತು ವರ್ಷದ ತೋಟ ಇಡಬೇಡಿ.

ಕೆರೆ ಅಂದಾಗ ಒಂದು ಮಾತು. ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ ಹತ್ತಿರ 1369ರ ಶಾಸನ ಇದೆ, ಒಳ್ಳೆ ಕೆರೆಗೆ ಏನೇನು ಬೇಕು ಅಂತ ಹನ್ನೆರಡು ಅಂಶ ಕೆತ್ತಿಸಿದ್ದಾರೆ. ನಮ್ಮ ಪಕ್ಕದ ಹೇಮಾವತಿ ಊರು ಹಿಂದೆ ನೊಳಂಬ ಅರಸರ ರಾಜಧಾನಿ ಆಗಿತ್ತು. ಇದೇ ಮಳೆಯಲ್ಲಿ ಇಲ್ಲಿ ಊರುಗಳು ಬಾಳಿವೆ. ನಮ್ಮೂರ ಕೆರೆಗೆ ನೀರು ತರುವ ಕಾಲುವೆ ಮೂರು ಕಡೆ ಮುಚ್ಚಿಹೋಗಿತ್ತು, ನಾವು ಹನ್ನೆರಡು ಮನೆಯವರು ಸೇರಿ ಎರಡು ಕಡೆ ಬಿಡಿಸಿದೆವು, ಹೂಳನ್ನು ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಹೊಡೆದೆವು. ಮೂರನೇ ಕಡೆಯವರ ಹತ್ತಿರ ಇನ್ನೂ ಮಾತುಕತೆ ನಡೆದಿದೆ.

ಡ್ರಮ್ಮು ತುಂಬಲು ಎಷ್ಟು ನಿಮಿಷ ಹಿಡಿಯಿತು, ಹೊಲ ಯಾವ ಕಡೆಗೆ ಇಳಿಜಾರು ಅಂತ ಇಲ್ಲೇ ಬರೆಯಿರಿ. ಹೊಂಡ ಎಲ್ಲಿ ತೋಡಬೇಕು, ಯಾವ ಬೆಳೆ ಎಷ್ಟು ಗುಂಟೆ ಹಾಕಬಹುದು ಅಂತ ಸೇರಿ ಲೆಕ್ಕ ಹಾಕೋಣ.