ಕತೆ ನಿಮ್ಮದು, ಸಿನಿಮಾ ಯಾರದು?

ಪ್ರಶ್ನೆ: ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದೇನೆ. ನನ್ನದೇ ಒಂದು ಸಿನಿಮಾ ಕತೆಯಿದೆ. ನಿರ್ಮಾಪಕರಿಗೆ ಹೇಳಿದರೆ ಎಳೆಯನ್ನೇ ಎತ್ತಿಕೊಂಡಾರೆಂಬ ಭಯ. ನೋಂದಣಿ ಮಾಡಿಸಿದರೆ ಸಾಕೆ? – ಓದುಗರು, ಹಾಸನ

ಉತ್ತರ: ಬರೀ ಎಳೆಗೆ ರಕ್ಷಣೆಯಿಲ್ಲ. ತಮ್ಮ ನಾಟಕವನ್ನೇ ಸಿನಿಮಾ ಮಾಡಿದ್ದಾರೆಂದು ಆರ್.ಜಿ. ಆನಂದ್ ಹೂಡಿದ್ದ ದಾವೆಯನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಒಪ್ಪಲಿಲ್ಲ. ವಸ್ತುವಿಗೆ ಕೃತಿಸ್ವಾಮ್ಯ (ಕಾಪಿರೈಟ್) ಇಲ್ಲ, ಅದನ್ನು ನಿರೂಪಿಸಿದ ಬಗೆಗಷ್ಟೇ ಇದೆ ಎಂಬುದು ಆ ತೀರ್ಪಿನ ತಿರುಳು. ಆದ್ದರಿಂದ ಒಂದು ಪುಟದ ಸಾರಾಂಶ ನೋಂದಾಯಿಸಿ ನಿಶ್ಚಿಂತರಾಗಬೇಡಿ. ದೃಶ್ಯವಾರು ಚಿತ್ರಕಥೆಯನ್ನು ಸಂಭಾಷಣೆ ಸಮೇತ ಮುಗಿಸಿ, ಕಾಪಿರೈಟ್ ಕಚೇರಿಯ ಜಾಲತಾಣದಲ್ಲಿ ‘ಸಾಹಿತ್ಯ ಕೃತಿ’ ಎಂದು ಅರ್ಜಿ ಹಾಕಿ. ಶುಲ್ಕ 500 ರೂಪಾಯಿ. ಡೈರಿ ನಂಬರ್ (ಅರ್ಜಿಯ ಸಂಖ್ಯೆ) ಬಂದ ಮೇಲೆ ಆಕ್ಷೇಪಣೆಗಾಗಿ 30 ದಿನ ಕಾಯುತ್ತಾರೆ. ಹಕ್ಕು ಹುಟ್ಟುವುದು ಬರೆದಾಗಲೇ; ನೋಂದಣಿ ಅದಕ್ಕೊಂದು ಪುರಾವೆ.

ಗಾಂಧಿನಗರದಲ್ಲಿ ಎಡವಟ್ಟಾಗುವುದು ಬಾಯಲ್ಲೇ ಕತೆ ಹೇಳಿ ಎದ್ದು ಬರುವುದರಿಂದ. ಹೇಳಿದ ದಿನವೇ ‘ಇವತ್ತು ನಿಮಗೆ ಹೇಳಿದ ಕತೆಯ ಪ್ರತಿ ಇದು’ ಎಂದು ಇಮೇಲ್ ಕಳಿಸಿ. ವಾಟ್ಸಾಪ್ ವಾಯ್ಸ್ ನೋಟ್ ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ಕತೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಎಲ್ಲ ನನ್ನದೇ ಆದರೆ ಸಿನಿಮಾ ನನ್ನದೇ ತಾನೆ? – ಓದುಗರು, ಧಾರವಾಡ

ಉತ್ತರ: ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಿನಿಮಾದ ಕರ್ತೃ ನಿರ್ಮಾಪಕ. ನಿರ್ದೇಶಕನಿಗೆ ಅಲ್ಲಿ ಜಾಗವೇ ಇಲ್ಲ (ನಮ್ಮ ಮಟ್ಟಿಗೆ ಇದು ಅನ್ಯಾಯವೇ). ನಿಮ್ಮ ಕೈಲಿ ಉಳಿಯುವುದು ಬರಹಗಾರನ ಹಕ್ಕು. ಹಾಗಾಗಿ ಬರವಣಿಗೆಗೊಂದು, ನಿರ್ದೇಶನಕ್ಕೊಂದು ಕರಾರು ಮಾಡಿಸಿ. ಎರಡನ್ನೂ ಒಂದೇ ಮೊತ್ತಕ್ಕೆ ಸೇರಿಸಿ ಸಹಿ ಹಾಕಿದವರನ್ನು ಅರ್ಧದಲ್ಲಿ ನಿರ್ದೇಶನದಿಂದ ಕೈಬಿಟ್ಟರೆ ಸ್ಕ್ರಿಪ್ಟ್ ಅಲ್ಲೇ ಉಳಿದುಬಿಡುತ್ತದೆ.

ಕರಾರಿನಲ್ಲಿ ಹಕ್ಕು ಕೊಡುವ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಕಾಯ್ದೆ ಭಾವಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ. ಆದರೆ ‘ಶಾಶ್ವತವಾಗಿ, ವಿಶ್ವದಾದ್ಯಂತ, ಬಳಸದಿದ್ದರೂ’ ಎಂಬ ಸಿದ್ಧ ಸಾಲೊಂದು ಈ ಅನುಕೂಲಗಳನ್ನೆಲ್ಲ ನುಂಗುತ್ತದೆ. ಆ ಸಾಲು ಹೊಡೆದುಹಾಕಿಸಿ. ರೀಮೇಕ್, ಡಬ್ಬಿಂಗ್, ಒಟಿಟಿ, ವೆಬ್ ಸರಣಿ ಒಂದೊಂದಕ್ಕೂ ಬೇರೆ ಬೇರೆ ಮೊತ್ತ ಬರೆಸಿ. 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದಾಚೆಯ ಬಳಕೆಗೆ ಬರುವ ರಾಯಧನದಲ್ಲಿ ಬರಹಗಾರನಿಗೆ ಸಮಪಾಲು. ‘ಬಿಟ್ಟುಕೊಟ್ಟಿದ್ದೇನೆ’ ಎಂದು ಸಹಿ ಮಾಡಿದ್ದರೂ ಆ ಷರತ್ತು ಊರ್ಜಿತವಲ್ಲ. ವಸೂಲಿ ಮಾತ್ರ ಬೇರೆಯೇ ಕಷ್ಟ.

ನೀವೇ ಹಣ ಹಾಕಿ ನಿರ್ಮಾಪಕರೂ ಆದರೆ, ಕತೆಯ ಹಕ್ಕನ್ನು ನಿಮ್ಮ ಸಂಸ್ಥೆಗೆ ಲಿಖಿತವಾಗಿ ವರ್ಗಾಯಿಸಿಕೊಳ್ಳಿ. ಈ ಕಾಗದ ಇಲ್ಲದಿದ್ದರೆ ಒಟಿಟಿ ಮಾರಾಟದ ವೇಳೆ ಕೊಳ್ಳುವವರ ವಕೀಲರು ಕಡತ ವಾಪಸ್ ಕಳಿಸುತ್ತಾರೆ.

ಪ್ರಶ್ನೆ: ಶೀರ್ಷಿಕೆಗೂ ಕಾಪಿರೈಟ್ ಸಿಗುತ್ತದೆಯೇ? – ಓದುಗರು, ಮಂಗಳೂರು

ಉತ್ತರ: ಸಿಗುವುದಿಲ್ಲ, 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ನೋಂದಾಯಿಸುವುದು ಉದ್ಯಮದೊಳಗಿನ ಏರ್ಪಾಡು. ಅದನ್ನು ಮಾಡಿಸುವುದು ನಿರ್ಮಾಪಕರ ಕೆಲಸ.