ಹೋರೆಯರು ಮೂವರೇ, ಹನ್ನೆರಡು ಮಂದಿಯೇ?

ಗ್ರೀಕರ ಹೋರೆಯರನ್ನು, ಅಂದರೆ ಋತುಗಳ ಮತ್ತು ಗಂಟೆಗಳ ದೇವಿಯರನ್ನು, ಒಂದೆಡೆ ಮೂವರೆಂದೂ ಇನ್ನೊಂದೆಡೆ ಹನ್ನೆರಡು ಮಂದಿಯೆಂದೂ ಓದಿ, ಯಾವುದು ಸರಿ ಎಂದು ಕೇಳಿದ್ದೀರಿ; ಹನ್ನೆರಡು ಮಂದಿಯ ಹೆಸರುಗಳು ಎಲ್ಲೆಡೆ ಒಂದೇ ಆಗಿಲ್ಲವೆಂದೂ ಗಮನಿಸಿದ್ದೀರಿ. ಎರಡೂ ಸರಿ, ಅವು ಬೇರೆ ಬೇರೆ ಕಾಲದ ಕಲ್ಪನೆಗಳು. ಪ್ರಾಚೀನ ಗ್ರೀಕ್ ಕವಿ ಹೆಸಿಯಡ್‌ನ ಕಾವ್ಯದಲ್ಲಿ ಅವರು ದೇವರಾಜ ಜ್ಯೂಸ್ ಮತ್ತು ಧರ್ಮದೇವತೆ ಥೆಮಿಸ್‌ರ ಮೂವರು ಪುತ್ರಿಯರು: ಸುವ್ಯವಸ್ಥೆಯ ಯುನೋಮಿಯಾ, ನ್ಯಾಯದ ಡಿಕೆ, ಶಾಂತಿಯ ಐರಿನೆ. ಹೋಮರನ ಇಲಿಯಡ್‌ನಲ್ಲಂತೂ ಅವರು ದೇವತೆಗಳ ನೆಲೆಯಾದ ಒಲಿಂಪಸ್ಸಿನ ದ್ವಾರಪಾಲಕಿಯರಾಗಿ ದಟ್ಟ ಮೋಡವನ್ನು ಸರಿಸುತ್ತಾರೆ, ಮುಚ್ಚುತ್ತಾರೆ. ಜ್ಯೂಸ್‌ನ ಪತ್ನಿ ಹೇರಾಳ ರಥ ಹಿಂದಿರುಗಿದಾಗ ಕುದುರೆಗಳ ನೊಗ ಬಿಚ್ಚಿ ಗೋದಲಿಗೆ ಕಟ್ಟುವವರೂ ಅವರೇ. ಇಲ್ಲೆಲ್ಲ ಅವರು ಋತುಗಳಿಗೆ ಸೇರಿದವರು, ಗಂಟೆಗಳಿಗಲ್ಲ.

ಗಂಟೆಗಳ ದೇವಿಯರು ಬರುವುದು ಬಹಳ ತಡವಾಗಿ. 5ನೆಯ ಶತಮಾನದ ಕವಿ ನೊನ್ನಸ್ ಹನ್ನೆರಡು ಹೋರೆಯರನ್ನು ಕಾಲಪುರುಷನ ಪುತ್ರಿಯರೆಂದು ಕರೆಯುತ್ತಾನೆ. ಅವರ ಹೆಸರುಗಳಿಗಾಗಿ ರೋಮನ್ ಲೇಖಕ ಹೈಜೀನಸ್‌ನ ಹೆಸರಿನಲ್ಲಿರುವ ಲ್ಯಾಟಿನ್ ಕಥಾಸಂಗ್ರಹವನ್ನು ನೋಡಬೇಕು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಸೊಗಸು ಇರುವುದು ಅಲ್ಲಿಯೇ: ಮೊದಲ ಬೆಳಕಿನ ಆಗೆ, ಸೂರ್ಯೋದಯದ ಅನತೋಲೆ, ಆಮೇಲೆ ಸಂಗೀತ ಮತ್ತು ವ್ಯಾಯಾಮದ ಹೆಸರು ಹೊತ್ತವರು, ನಡುಹಗಲಿನ ಮೆಸೆಂಬ್ರಿಯಾ, ತರ್ಪಣದ ಸ್ಪೊಂಡೆ, ಕೊನೆಗೆ ಸೂರ್ಯಾಸ್ತದ ಡಿಸಿಸ್. ಸುಖವಂತನಾದ ಗ್ರೀಕನೊಬ್ಬನ ದಿನಚರಿಯೇ ದೇವತೆಗಳ ಸಾಲಾಗಿ ನಿಂತಿದೆ. ಆ ಗ್ರಂಥ 1535ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದದ್ದು ಒಂದೇ ಹಸ್ತಪ್ರತಿಯ ಆಧಾರದಿಂದ, ಅದರ ಪಾಠವೂ ಕೆಟ್ಟಿತ್ತು. ನೀವು ಗಮನಿಸಿದ ಹೆಸರುಗಳ ವ್ಯತ್ಯಾಸಕ್ಕೆ ಇದೇ ಮುಖ್ಯ ಕಾರಣ.

ಆ ಗಂಟೆಗಳನ್ನು ನಮ್ಮ 60 ನಿಮಿಷಗಳೆಂದು ಎಣಿಸಬೇಡಿ. ಹಗಲನ್ನೇ ಹನ್ನೆರಡು ಪಾಲು ಮಾಡುತ್ತಿದ್ದುದರಿಂದ ಅಥೆನ್ಸಿನಲ್ಲಿ ಒಂದು ಗಂಟೆ ನಡುಬೇಸಿಗೆಯಲ್ಲಿ ಸುಮಾರು 74 ನಿಮಿಷ, ನಡುಚಳಿಗಾಲದಲ್ಲಿ ಸುಮಾರು 48 ನಿಮಿಷ ಇರುತ್ತಿತ್ತು.